ಮೀಟರಯ್ಯನವರ ಮನೆಯ ಅವಳಿ ಸುದ್ದಿ

ಆ ಬೀದಿಯಲ್ಲಿ ಏಳು ವರ್ಷಗಳಿಂದ ಒಂದು ಮಗುವೂ ಹುಟ್ಟಿರಲಿಲ್ಲ. ಈ ಸಂಗತಿ ಸರ್ಕಾರಕ್ಕಿಂತ ಮೊದಲು ಗೊತ್ತಾದದ್ದು ಮೀಟರಯ್ಯನವರಿಗೆ.

ಮೀಟರಯ್ಯ ಎಂದರೆ ನೀರು ಸರಬರಾಜು ಕಚೇರಿಯಿಂದ ಮನೆಮನೆಗೂ ಬಂದು ಮೀಟರ್ ಓದಿ ಬರೆದುಕೊಂಡು ಹೋಗುವವರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಆಚೆ ಬಂದದ್ದೇ ಇಲ್ಲ. ಇಪ್ಪತ್ತೆರಡು ವರ್ಷ ಕಂಡವರ ಕಾಂಪೌಂಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮುಳ್ಳು ನೋಡಿ ನೋಡಿ, ಯಾವ ಮನೆಯಲ್ಲಿ ಎಷ್ಟು ಜನ, ಯಾರು ದಿನಾ ಸ್ನಾನ ಮಾಡುತ್ತಾರೆ, ಯಾರು ಮಾಡಿದೆವೆಂದು ಹೇಳಿಕೊಂಡು ಓಡಾಡುತ್ತಾರೆ ಎಲ್ಲವೂ ಅವರಿಗೆ ಬಾಯಿಪಾಠ. ಮೊದಲೆಲ್ಲ ಬಾಣಂತಿಯಿರುವ ಮನೆಯ ಮೀಟರು ಬಟ್ಟೆ ಒಗೆದೂ ಒಗೆದೂ ಬುಗುರಿಯಂತೆ ಸುತ್ತುತ್ತಿತ್ತು. ಈಗ ಬೀದಿಯ ನಲವತ್ತು ಮನೆಯ ಮೀಟರುಗಳೂ ಊಟವಾದ ಮೇಲಿನ ಮುದುಕರ ಹಾಗೆ ತೂಕಡಿಸುತ್ತಿದ್ದವು. ಮದುವೆಯಾದವರು ಮಗು ಬೇಡ ಎನ್ನುತ್ತಿದ್ದರು. ಆಗದವರು ಮದುವೆಯೇ ಬೇಡ ಎನ್ನುತ್ತಿದ್ದರು. ಮೂರನೇ ಮನೆಯ ಹಲ್ಲಿನ ಡಾಕ್ಟರಂತೂ ಎರಡೂ ಬೇಡವೆಂದು ಹನ್ನೊಂದು ಗಿಡಗಳನ್ನು ಸಾಕಿಕೊಂಡಿದ್ದರು.

ಹೀಗೆ ಎಲ್ಲರ ಮನೆಯೂ ಖಾಲಿಯಾಗಿದ್ದಷ್ಟು ದಿನ ಮೀಟರಯ್ಯನವರು ನೆಮ್ಮದಿಯಾಗಿದ್ದರು. ಎದುರುಮನೆಯ ರಿಟೈರಾದ ಪೋಸ್ಟ್‌ಮಾಸ್ಟರರಿಗೆ ಮೊಮ್ಮಗ ಹುಟ್ಟಿದ ದಿನ ಆ ನೆಮ್ಮದಿ ಕೆಟ್ಟಿತು.

ಪೋಸ್ಟ್‌ಮಾಸ್ಟರು ಸರ್ವೀಸಿನಲ್ಲಿದ್ದಷ್ಟು ಕಾಲ ಕೌಂಟರಿನ ಕಂಡಿಯಿಂದ ತಲೆಯೆತ್ತಿ ಒಬ್ಬರ ಮುಖವನ್ನೂ ನೋಡಿದವರಲ್ಲ. ಈಗ ದಿನಾ ಸಂಜೆ ಐದೂವರೆಗೆ ನಾಲ್ಕು ಚಕ್ರದ ತಳ್ಳುಗಾಡಿಯಲ್ಲಿ ಮೊಮ್ಮಗನನ್ನು ಮಲಗಿಸಿಕೊಂಡು ದಿಗ್ವಿಜಯಕ್ಕೆ ಹೊರಡುತ್ತಿದ್ದರು. ಗಾಡಿ ಕಂಡರೆ ಸಾಕು, ಬೇಕರಿಯವನು ಕೈ ಒರೆಸಿಕೊಂಡು ಓಡಿ ಬರುತ್ತಿದ್ದ. ಔಷಧಿ ಅಂಗಡಿಯಾಕೆ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದಳು. ಮೂಲೆಯ ಶಿಶುವಿಹಾರದ ಟೀಚರಂತೂ ಗಾಡಿಯೊಳಗೆ ಬಗ್ಗಿ, "ಇನ್ನು ಎರಡೂವರೆ ವರ್ಷ ಕಣೋ ಪುಟ್ಟಾ, ನಿನಗೆ ಜಾಗ ಹಿಡಿದಿಟ್ಟಿದ್ದೀನಿ" ಎನ್ನುತ್ತಿದ್ದರು. ಜಾಗಕ್ಕೇನೂ ಕೊರತೆಯಿರಲಿಲ್ಲ. ಅರವತ್ತು ಪುಟ್ಟ ಕುರ್ಚಿಗಳಿದ್ದ ಆ ಶಾಲೆಯಲ್ಲಿ ಇದ್ದದ್ದು ಬೇರೆ ಬೀದಿಗಳಿಂದ ಬರುವ ಮೂರು ಮಕ್ಕಳು. ಐದಾಗದಿದ್ದರೆ ಬೀಗ ಎಂದು ಮೇಲಿನಿಂದ ಕಾಗದ ಬಂದಿತ್ತು.

ಮೀಟರಯ್ಯ ಗೇಟಿನ ಹಿಂದೆ ನಿಂತು ಇದನ್ನೆಲ್ಲ ನೋಡುವರು, ಒಳಗೆ ಬಂದು ಹೆಂಡತಿಗೆ ವರದಿ ಒಪ್ಪಿಸುವರು.

"ನಾನೂ ಈ ಬೀದೀಲಿ ಇಪ್ಪತ್ತೆರಡು ವರ್ಷದಿಂದ ಓಡಾಡ್ತಿದ್ದೀನಿ. ಒಂದು ದಿನ ಒಬ್ರಾದ್ರೂ ಕೂತ್ಕೊಳ್ಳಿ ಅಂದಿದ್ದಾರಾ? 'ನೀರಿನವನು ಬಂದ, ನಾಯಿ ಕಟ್ಟಿ' ಅಂತಾರೆ. ಆ ಮನುಷ್ಯ ಒಂದು ಗಾಡಿ ತಳ್ಳಿದ್ದಕ್ಕೆ ಬೇಕರಿಯವನು ಬಿಸಿ ಬನ್ನು ತಂದು ಕೈಗೆ ಕೊಡ್ತಾನೆ! ಮಗು ಹೆತ್ತಿದ್ದು ಅವನಾ?"

ಹೆಂಡತಿ ಮನೆಯಲ್ಲೇ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುತ್ತಿದ್ದವರು. ಬೀದಿಗೆಲ್ಲ ಹೊಲಿಗೆಯಮ್ಮ. ಮಿಷನ್ನಿನಿಂದ ತಲೆಯೆತ್ತದೆ, "ನನಗೆ ಮಂಡಿ ನೋಯ್ತಿದೆ, ಆ ಕತ್ತರಿ ಸ್ವಲ್ಪ ಕೊಡಿ" ಎಂದರು. "ಹೌದಾ" ಎಂದು ಮೀಟರಯ್ಯ ಮತ್ತೆ ಗೇಟಿಗೆ ಹೋದರು.

ಅವರ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. ಇದ್ದ ಒಬ್ಬಳೇ ಮಗಳಿಗೆ ಮದುವೆಯಾಗಿ ನಾಲ್ಕು ವರ್ಷ. ಅವಳು ರೈಲ್ವೆಯ ಸಿಗ್ನಲ್ ಕೋಣೆಯಲ್ಲಿ, ಅಳಿಯ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸದಲ್ಲಿ. ಹೋದ ವರ್ಷವೇ ಮಗಳು ಎದುರು ಕೂತು, "ಅಪ್ಪ, ನಮಗೆ ಮಗು ಬೇಡ. ಇಬ್ರೂ ಯೋಚನೆ ಮಾಡೇ ತೀರ್ಮಾನಿಸಿದ್ದೀವಿ. ಕಾಯ್ಕೊಂಡು ಕೂರಬೇಡಿ" ಎಂದು ಹೇಳಿಬಿಟ್ಟಿದ್ದಳು. ಈ ಗುಟ್ಟನ್ನು ಮೀಟರಯ್ಯ ಎದೆಯಲ್ಲಿ ಮುಚ್ಚಿಟ್ಟುಕೊಂಡಿದ್ದರು. ಮಗಳು ಅದನ್ನೇ ಔಷಧಿ ಅಂಗಡಿಯಾಕೆಯ ಹತ್ತಿರವೂ ಹೇಳಿದ್ದಳೆಂದು, ಅಂದಮೇಲೆ ಅರ್ಧ ದಿನದಲ್ಲಿ ಇಡೀ ಬೀದಿಗೆ ತಲುಪಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಪೋಸ್ಟ್‌ಮಾಸ್ಟರು ಗಾಡಿಯನ್ನು ಸೀದಾ ಇವರ ಗೇಟಿನ ಮುಂದೆ ನಿಲ್ಲಿಸಿದರು.

"ಏನ್ರೀ ಮೀಟರಯ್ಯ, ದಿನಾ ನೋಡ್ತಾ ನಿಂತಿರ್ತೀರಿ! ನಿಮ್ಮ ಮನೇಲಿ ಯಾವಾಗ?"

ಅಷ್ಟರಲ್ಲಿ ಬೇಕರಿಯವನೂ ಬಂದು ನಿಂತಿದ್ದ. ಮೀಟರಯ್ಯನವರ ಹೊಟ್ಟೆಯೊಳಗಿನ ಉರಿ ಗಂಟಲಿಗೆ ಬಂದು, ಅಲ್ಲಿಂದ ನಾಲಿಗೆಗೆ ಬಂತು.

"ಬರ್ತಾ ಇದೆ," ಎಂದರು. "ನಮ್ಮನೇಲೂ ಬರ್ತಾ ಇದೆ."

ಯಾರಿಗೆ, ಯಾವಾಗ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪೋಸ್ಟ್‌ಮಾಸ್ಟರರ ಮುಖ ಒಂದು ಗಳಿಗೆ ಸಪ್ಪಗಾಯಿತು. ಅಷ್ಟೇ ಸಾಕಾಗಿ ಮೀಟರಯ್ಯನವರು ಒಳಗೆ ಹೋಗಿ ಹೊಟ್ಟೆ ತುಂಬ ಉಂಡರು.

ಬೀದಿ ಮಾತ್ರ ಲೆಕ್ಕ ಹಾಕತೊಡಗಿತು. ಮಗಳಿಗಂತೂ ಅಲ್ಲ, ಅವಳೇ ಬಾಯಿಬಿಟ್ಟು ಬೇಡ ಅಂದಿದ್ದಾಳೆ. ಆ ಮನೆಯಲ್ಲಿ ಉಳಿದ ಹೆಣ್ಣು ಒಬ್ಬರೇ. ವಯಸ್ಸು ನಲವತ್ತೊಂಬತ್ತು ಎಂದು ಒಬ್ಬರು ರಾಗ ಎಳೆದರು. ಈಚೆಗೆ ಕೂತರೆ ಏಳುವುದಕ್ಕೆ ಗೋಡೆ ಹಿಡಿಯುತ್ತಾರಲ್ಲ ಎಂದು ಇನ್ನೊಬ್ಬರು ಸಾಕ್ಷಿ ಹೇಳಿದರು. ಹೋದ ವಾರ ಆಸ್ಪತ್ರೆಯಿಂದ ದೊಡ್ಡ ಲಕೋಟೆ ಹಿಡಿದು ಬಂದದ್ದನ್ನು ತಾನೇ ಕಂಡೆ ಎಂದು ಔಷಧಿ ಅಂಗಡಿಯಾಕೆ ತೀರ್ಪು ಕೊಟ್ಟಳು.

ಮರುದಿನ ಬೆಳಿಗ್ಗೆ ಹೊಲಿಗೆಯಮ್ಮ ಬೇಕರಿಗೆ ಹೋದಾಗ ಔಷಧಿ ಅಂಗಡಿಯಾಕೆ ಓಡಿ ಬಂದು ಕೈಯಿಂದ ಚೀಲ ಕಿತ್ತುಕೊಂಡಳು.

"ಅಕ್ಕಾ, ಈ ಸ್ಥಿತೀಲಿ ಚೀಲ ಹೊರ್ತೀರಲ್ಲ!"

ಹೊಲಿಗೆಯಮ್ಮ ಬೆರಗಾದರು. "ನಿಮಗೆ ಯಾರು ಹೇಳಿದ್ರು?"

"ನಿಮ್ಮ ಯಜಮಾನ್ರೇ ಪೋಸ್ಟ್‌ಮಾಸ್ಟರ ಹತ್ರ ಹೇಳಿದ್ರಂತೆ."

ಹೊಲಿಗೆಯಮ್ಮನ ಕಣ್ಣು ತೇವವಾಯಿತು. ಮಂಡಿನೋವೆಂದು ತಿಂಗಳುಗಟ್ಟಲೆ ಹೇಳುತ್ತಿದ್ದರೂ "ಹೌದಾ" ಎಂಬುದಕ್ಕಿಂತ ಉದ್ದದ ಮಾತು ಆಡದ ಗಂಡ, ಎದುರುಮನೆಯವರ ಹತ್ತಿರ ಹೋಗಿ ಹೇಳಿಕೊಂಡಿದ್ದಾರೆ!

"ಎಷ್ಟು ತಿಂಗಳಾಯ್ತು ಅಕ್ಕಾ?"

"ಐದು ತುಂಬ್ತು ಕಣ್ರೀ."

"ಡಾಕ್ಟರು ಏನಂತಾರೆ?"

"ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಈ ವಯಸ್ಸಲ್ಲಿ ಹುಷಾರಾಗಿರಬೇಕು ಅಂದ್ರು. ಫೋಟೋನೂ ತೆಗೆದ್ರು. ನಾನು ಮೊದಲು ಒಂದೇ ಅಂದ್ಕೊಂಡಿದ್ದೆ. ನೋಡಿದ್ರೆ ಎರಡು!"

"ಎರಡಾ?" ಬೇಕರಿಯವನ ಕೈಯಿಂದ ಇಕ್ಕಳ ಬಿತ್ತು.

"ಎರಡೂ. ಎಡಗಡೇದು ಸ್ವಲ್ಪ ಊದಿದೆ. ಬಲಗಡೇದು ಮಲಗೋಕೇ ಬಿಡಲ್ಲ, ಒಂದೇ ಸಮ ಒದ್ದಾಡಿಸುತ್ತೆ. ಕೊನೆಗೆ ಆಪರೇಷನ್ ಆಗಬೇಕಾಗಬಹುದು ಅಂದಿದ್ದಾರೆ."

"ಹೆದರಬೇಡಿ ಅಕ್ಕಾ, ಈಗ ಎಲ್ಲಾರಿಗೂ ಆಪರೇಷನ್ನೇ," ಎಂದು ಔಷಧಿ ಅಂಗಡಿಯಾಕೆ ಅವರ ತೋಳು ಹಿಡಿದು, ಒಡೆದರೆ ಮತ್ತೆ ಸಿಗದ ಗಾಜಿನ ಸಾಮಾನಿನಂತೆ ಮನೆ ಮುಟ್ಟಿಸಿದಳು.

ಇತ್ತ ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ಮೀಟರಯ್ಯನವರನ್ನು ಕರೆಸಿದರು. ಕರೆಸಿದ್ದೂ ಅಲ್ಲದೆ ಕೂರಿಸಿದರು. ಮೀಟರಯ್ಯನವರು ಆ ಕುರ್ಚಿಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿದ್ದರೇ ಹೊರತು ಅದರ ಮೆತ್ತೆ ಎಷ್ಟು ಮೆತ್ತಗಿದೆ ಎಂದು ತಿಳಿದಿರಲಿಲ್ಲ.

"ನೋಡಿ ಮೀಟರಯ್ಯ, ಈ ಆಫೀಸಲ್ಲಿ ಮೂವತ್ತು ಜನ. ಅರ್ಧಕ್ಕರ್ಧ ಮದುವೆ ಬೇಡ ಅಂತಾರೆ. ಅಪ್ಪಂದಿರ ರಜೆಯ ಫಾರಂ ಬಂದು ಹತ್ತು ವರ್ಷ ಆಯ್ತು, ಒಬ್ಬನೂ ತುಂಬಿಲ್ಲ, ಗೆದ್ದಲು ತಿಂತಿದೆ. ತಗೊಳ್ಳಿ, ನೀವೇ ಮೊದಲಿಗರು."

"ತಾತಂದಿರಿಗೂ ರಜೆ ಕೊಡ್ತಾರಾ ಸಾರ್?" ಮೀಟರಯ್ಯ ಅನುಮಾನದಿಂದ ಕೇಳಿದರು.

"ಯಾವ ತಾತ? ವಯಸ್ಸಿಗೆಲ್ಲ ನಾಚ್ಕೋಬೇಡಿ. ನಿಮ್ಮ ಮನೆಯವರಿಗೆ ಅವಳಿ ಅಂತೆ, ಬೇಕರಿಯವನೇ ಹೇಳಿದ!"

ಮೀಟರಯ್ಯನವರು ಕುರ್ಚಿಯ ಮೆತ್ತೆಯೊಳಗೆ ಎರಡಂಗುಲ ಇಳಿದುಹೋದರು. ಹೊರಗೆ ಬಂದರೆ ಪಕ್ಕದ ಮೇಜಿನ ಕಿರಿಯ ಗುಮಾಸ್ತ ಎದ್ದು ನಿಂತು ಕೈ ಕುಲುಕಿದ. "ಸಾರ್, ನಾನು ಮದುವೆಯಾಗಲ್ಲ ಅಂತ ನಿಮಗೆ ಗೊತ್ತಲ್ಲ. ನನ್ನ ಪಾಲಿಂದೂ ನೀವೇ ಮುಗಿಸ್ತಿದ್ದೀರಿ. ಉಪಕಾರ ಆಯ್ತು."

ಈ ಅನರ್ಥವನ್ನು ಇವತ್ತೇ ತಿದ್ದಬೇಕೆಂದು ಮೀಟರಯ್ಯ ಬಿರಬಿರನೆ ಬೀದಿಗೆ ಬಂದರು. ಸರಿಯಾಗಿ ಐದೂವರೆ. ತಿರುವಿನಲ್ಲಿ ಪೋಸ್ಟ್‌ಮಾಸ್ಟರರ ಗಾಡಿ ನಿಂತಿತ್ತು. ಅದರ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಬೀದಿಯ ಜನವೆಲ್ಲ ಮೀಟರಯ್ಯನವರ ಗೇಟಿನಲ್ಲಿದ್ದರು.

"ಎರಡಂತೆ?" ಪೋಸ್ಟ್‌ಮಾಸ್ಟರರ ದನಿ ಒಗೆದ ಉಣ್ಣೆಯ ಹಾಗೆ ಕುಗ್ಗಿಹೋಗಿತ್ತು.

ತಿದ್ದುಪಡಿ ಮೀಟರಯ್ಯನವರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮುಖ! ಎರಡು ತಿಂಗಳಿಂದ ಬೀದಿ ಮೆರೆದ ಆ ಮುಖದ ಮೇಲೆ ತಮ್ಮದೇ ಹೊಟ್ಟೆಕಿಚ್ಚು ಬಾಡಿಗೆಗೆ ಬಂದು ಕೂತದ್ದನ್ನು ಅವರು ಕಂಡರು. ತಿದ್ದುಪಡಿಯನ್ನು ನುಂಗಿಕೊಂಡರು.

"ಹೂಂ," ಎಂದರು. "ಡಾಕ್ಟರು ಎರಡು ಅಂದಿದ್ದಾರೆ."

ಮನೆಯೊಳಗೆ ಹೊಲಿಗೆಯಮ್ಮ ಗಂಡನನ್ನು ಮದುವೆಯ ಹೊಸತರಲ್ಲಿ ನೋಡಿದ ಹಾಗೆ ನೋಡಿದರು. "ನೀವು ಹೇಳ್ಕೊಂಡಿದ್ದಕ್ಕೆ ಎಲ್ಲಾರೂ ಎಷ್ಟು ನೋಡ್ಕೋತಿದ್ದಾರೆ ಗೊತ್ತಾ? ನನ್ನ ಮಂಡಿ ಮೇಲೆ ನಿಮಗೆ ಇಷ್ಟು ಕಾಳಜಿ ಅಂತ ನನಗೆ ತಿಳಿದೇ ಇರಲಿಲ್ಲ." ಮೀಟರಯ್ಯನವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಬಾಯಿ ತೆರೆಯಲು ಧೈರ್ಯವಾಗಲಿಲ್ಲ.

ಮುಂದಿನ ಹತ್ತು ದಿನ ಅವರು ಗೆದ್ದ ರಾಜನಂತೆ ಇರಬೇಕಾಗಿತ್ತು. ಆಗಲಿಲ್ಲ. ಒರಗುಕುರ್ಚಿ ಬಂತು, ಹೆಂಡತಿಗೆ. ಕಾಲಿಡುವ ಮಣೆ ಬಂತು, ಹೆಂಡತಿಗೆ. ಹಣ್ಣಿನ ಬುಟ್ಟಿ, ಮೆತ್ತನೆ ದಿಂಬು, ಹಲ್ಲಿನ ಡಾಕ್ಟರ ಹನ್ನೊಂದು ಗಿಡಗಳಲ್ಲಿ ಒಂದು, ಎಲ್ಲವೂ ಹೆಂಡತಿಗೆ. ಬಂದವರು ಮೀಟರಯ್ಯನವರನ್ನು ಸ್ವಲ್ಪ ಸರಿಸಿ ಒಳಗೆ ಹೋಗುತ್ತಿದ್ದರು. ಎದುರುಮನೆಯ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಹೋಗಲಿ, ಅದು ಹುಟ್ಟಿದ ಮಗು. ಈಗ ಮೀಟರಯ್ಯನವರು ಹುಟ್ಟದೇ ಇರುವ, ಹುಟ್ಟುವ ಸಂಭವವೂ ಇಲ್ಲದ ಎರಡು ಮಕ್ಕಳ ಮೇಲೆ ಉರಿದುಕೊಂಡರು. ಲೋಕದಲ್ಲಿ ಅಸೂಯೆಗೆ ಇಂಥ ಗತಿ ಹಿಂದೆ ಬಂದಿರಲಾರದು.

ಒಂದು ಬೆಳಿಗ್ಗೆ ಬೇಕರಿಯವನು ಬಿಸಿ ಬನ್ನು ಕಟ್ಟಿಕೊಟ್ಟು, "ಅಕ್ಕನಿಗೆ" ಎಂದ.

"ನನಗೆ?" ಮೀಟರಯ್ಯ ಕೇಳಿಯೇ ಬಿಟ್ಟರು.

"ನಿಮಗ್ಯಾಕೆ ಸ್ವಾಮಿ? ಹೊರ್ತಿರೋದು ನೀವಾ?"

ಹನ್ನೊಂದನೆಯ ದಿನ ವಾರ್ಡಿನ ಮೆಂಬರು ಬಂದರು. ಶಿಶುವಿಹಾರದಲ್ಲಿ ಸಣ್ಣ ಸಮಾರಂಭ, ಹೊಲಿಗೆಯಮ್ಮನಿಗೆ ಸನ್ಮಾನ.

"ಇದಕ್ಕೂ ಸನ್ಮಾನಾನಾ?" ಹೊಲಿಗೆಯಮ್ಮ ನಾಚಿದರು.

"ಇದಕ್ಕೇ ಅಮ್ಮಾ! ಈ ಕಾಲದಲ್ಲಿ ಯಾರು ಇಷ್ಟು ಸಹಿಸ್ತಾರೆ?"

ಭಾನುವಾರ ಸಂಜೆ ಶಿಶುವಿಹಾರ ಕಿಕ್ಕಿರಿಯಿತು. ಅರವತ್ತು ಪುಟ್ಟ ಕುರ್ಚಿಗಳಲ್ಲಿ ಅರವತ್ತು ದೊಡ್ಡವರು ಗಲ್ಲಕ್ಕೆ ಮಂಡಿ ಮುಟ್ಟಿಸಿಕೊಂಡು ಕೂತಿದ್ದರು. ಟೀಚರು ಮಾತ್ರ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ, "ಮೂರು ಎರಡು ಐದು, ಮೂರು ಎರಡು ಐದು" ಎನ್ನುತ್ತಿದ್ದರು. ಮೀಟರಯ್ಯ ಕೊನೆಯ ಸಾಲಿನ ಮೂಲೆಯಲ್ಲಿ ಕೂತು, ಈಗಲೇ ಎದ್ದು ಓಡಿಹೋದರೆ ಹೇಗೆ ಎಂದು ಯೋಚಿಸುತ್ತಿದ್ದರು.

ಮೆಂಬರು ಹೊಲಿಗೆಯಮ್ಮನನ್ನು ಎರಡು ಮಾತು ಆಡಿರೆಂದು ಕೇಳಿಕೊಂಡರು. ಅವರು ಗೋಡೆ ಹಿಡಿದು ನಿಧಾನವಾಗಿ ಎದ್ದರು. ನಾಲ್ಕು ಜನ ಆಸರೆಗೆ ಓಡಿ ಬಂದರು.

"ನಾನೇನೂ ದೊಡ್ಡ ಕೆಲಸ ಮಾಡಿಲ್ಲ," ಎಂದರು. "ಈ ವಯಸ್ಸಿಗೆ ಇದು ಎಲ್ಲಾರಿಗೂ ಬಂದೇ ಬರುತ್ತೆ. ಇವತ್ತು ನನಗೆ, ನಾಳೆ ನಿಮಗೆ."

ಹೆಂಗಸರ ಸಾಲಿನಲ್ಲಿ ಗಡಿಬಿಡಿಯಾಯಿತು.

"ಗಂಡಸರಿಗೂ ಬರುತ್ತೆ. ಪೋಸ್ಟ್‌ಮಾಸ್ಟರೇ, ನಿಮ್ಮ ನಡಿಗೆ ನೋಡಿದ್ರೆ ನಿಮಗೆ ಆಗ್ಲೇ ಶುರುವಾಗಿದೆ ಅನ್ಸುತ್ತೆ."

ಪೋಸ್ಟ್‌ಮಾಸ್ಟರು ಎರಡೂ ಕೈಯಿಂದ ಹೊಟ್ಟೆ ಮುಟ್ಟಿ ನೋಡಿಕೊಂಡರು.

ಅದೇ ಹೊತ್ತಿಗೆ ಬಾಗಿಲಲ್ಲಿ ಮಗಳು ಕಾಣಿಸಿಕೊಂಡಳು. ಸಿಗ್ನಲ್ ಕೋಣೆಯ ಸಮವಸ್ತ್ರದಲ್ಲೇ ಏದುಸಿರು ಬಿಡುತ್ತ ಬಂದಿದ್ದಳು. "ಅಮ್ಮಾ! ಸ್ಟೇಷನ್ನಲ್ಲಿ ಎಲ್ಲಾರೂ ನನ್ನನ್ನ ಕೇಳ್ತಿದ್ದಾರೆ, ನಿನಗೆ ಅವಳಿ ಅಂತೆ! ಐದು ತಿಂಗಳಂತೆ! ನನಗೇ ಹೇಳಿಲ್ವಲ್ಲ!"

"ಯಾರಿಗೆ ಅವಳಿ? ನನಗಾ?" ಹೊಲಿಗೆಯಮ್ಮ ತಮ್ಮನ್ನು ತಾವೇ ಮೇಲಿಂದ ಕೆಳಗೆ ನೋಡಿಕೊಂಡರು. "ನನಗೆ ಇರೋದು ಎರಡು ಮಂಡಿ ಕಣೇ! ಎರಡೂ ನೋವು!"

ಬೀದಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನೂರಿಪ್ಪತ್ತು ಕಣ್ಣುಗಳು ಕೊನೆಯ ಸಾಲಿಗೆ ತಿರುಗಿದವು. ಮೀಟರಯ್ಯ ಎದ್ದರು. ಅವರ ಜೊತೆಗೆ ಪುಟ್ಟ ಕುರ್ಚಿಯೂ ಎದ್ದಿತು. ಸೊಂಟಕ್ಕೆ ಸಿಕ್ಕಿಕೊಂಡ ಅದನ್ನು ಕೀಳಲು ಅವರು ಎರಡು ಸುತ್ತು ತಿರುಗಿದರು, ಅದು ಬಿಡಲಿಲ್ಲ.

"ಬರ್ತಾ ಇದೆ ಅಂತ ಹೇಳಿದ್ದು ನೀವೇ ಅಲ್ವೇನ್ರೀ?" ಪೋಸ್ಟ್‌ಮಾಸ್ಟರರ ದನಿಗೆ ಹಳೆಯ ಅಗಲ ಬಂದಿತ್ತು.

"ನಾನು... ಮಗಳನ್ನ ನೆನೆಸ್ಕೊಂಡು ಹೇಳಿದ್ದು," ಎಂದರು ಮೀಟರಯ್ಯ.

ಮಗಳ ಮುಖ ಬಾಡಿತು. "ಅಪ್ಪ, ನಾನು ಎದುರು ಕೂತು ಹೇಳಿದ್ದೆ ನಿಮಗೆ."

"ಹೇಳಿದ್ದೆ."

"ಮತ್ತೆ?"

"ಆ ಗಾಡಿ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣಮ್ಮಾ," ಎಂದರು ಮೀಟರಯ್ಯ, ಕುರ್ಚಿ ಸಮೇತ ನಿಂತು, ಇಡೀ ಬೀದಿಯ ಎದುರಿಗೆ.

ಬೀದಿ ನಕ್ಕಿತು. ಹಲ್ಲಿನ ಡಾಕ್ಟರು ತಮ್ಮ ಅಷ್ಟೂ ಹಲ್ಲು ತೋರಿಸಿ ನಕ್ಕರು. ತನಗೆ ಮೊದಲಿಂದಲೂ ಅನುಮಾನವಿತ್ತೆಂದು ಔಷಧಿ ಅಂಗಡಿಯಾಕೆ ನಾಲ್ಕು ಜನಕ್ಕೆ ಹೇಳಿದಳು. ಮೆಂಬರು ಉಸಿರು ಕೂಡ ಬಿಡದೆ, "ಅಂದರೆ ನಮ್ಮ ವಾರ್ಡಿನ ಹಿರಿಯರ ಮಂಡಿಗಳ ಬಗ್ಗೆ ನಮಗೆ ಅಷ್ಟೇ ಕಳಕಳಿಯಿದೆ" ಎಂದು ಭಾಷಣ ಮುಂದುವರಿಸಿ, ಮೊದಲೇ ಅಂದುಕೊಂಡು ಬಂದಿದ್ದ ಭಂಗಿಯಲ್ಲೇ ಹೊಲಿಗೆಯಮ್ಮನ ಜೊತೆ ಫೋಟೋ ತೆಗೆಸಿಕೊಂಡರು. ನಗದೇ ಇದ್ದವರು ಮೂವರು. ಟೀಚರು ಬೆರಳು ಮಡಿಚಿ ಮತ್ತೆ ಮೂರಕ್ಕೆ ಬಂದು ನಿಂತಿದ್ದರು. ಮಗಳು ತಿರುಗಿ ನೋಡದೆ ಹೊರಟುಹೋದಳು. ಹೊಲಿಗೆಯಮ್ಮ ಗಂಡನ ಹತ್ತಿರ ಬಂದು ಕುರ್ಚಿ ಹಿಡಿದೆಳೆದು ಬಿಡಿಸಿ, ಮೆಲ್ಲಗೆ ಕೇಳಿದರು.

"ಹಾಗಾದ್ರೆ ನನ್ನ ಮಂಡಿ ವಿಷಯ ನೀವು ಯಾರ ಹತ್ರಾನೂ ಹೇಳಿರಲಿಲ್ಲ?"

ಮೀಟರಯ್ಯ ತಲೆ ತಗ್ಗಿಸಿದರು. ಅಲ್ಲಿಂದ ಆರು ದಿನ ಹೊಲಿಗೆಯಮ್ಮ ಗಂಡನ ಜೊತೆ ಮಾತಾಡಲಿಲ್ಲ. ಒರಗುಕುರ್ಚಿಯನ್ನೂ ವಾಪಸು ಕೊಡಲಿಲ್ಲ. ಕೇಳಲು ಬಂದವರಿಗೆ, "ನೋವು ಇನ್ನೂ ಇದೆಯಲ್ಲ" ಎಂದರು. ಶಿಶುವಿಹಾರಕ್ಕೆ ಬೀಗ ಬೀಳುವ ಮೊದಲು ಟೀಚರು ಬೆಳಗಿನ ಹೊತ್ತು ಮಂಡಿನೋವಿನವರಿಗೆ ವ್ಯಾಯಾಮ ಹೇಳಿಕೊಡಲು ಶುರುಮಾಡಿದರು. ಮೊದಲ ದಿನವೇ ಹದಿನೇಳು ಜನ. ಇಷ್ಟು ಉದ್ದದ ಹಾಜರಿ ಕೂಗಿ ಎಷ್ಟು ವರ್ಷವಾಗಿತ್ತೋ, ಟೀಚರು ಒಂದೊಂದು ಹೆಸರನ್ನೂ ಎರಡೆರಡು ಸಲ ಕೂಗಿದರಂತೆ.

ಏಳನೆಯ ದಿನ ಹೊಲಿಗೆಯಮ್ಮ ಮೌನ ಮುರಿದು, "ಹೋಗಿ ಮಗಳ ಹತ್ರ ತಪ್ಪು ಒಪ್ಕೊಂಡು ಬನ್ನಿ" ಎಂದರು.

ಮಗಳ ಮನೆ ಎರಡನೇ ಮಹಡಿಯಲ್ಲಿ. ಬಾಗಿಲು ಅರ್ಧ ತೆರೆದಿತ್ತು. ಮೀಟರಯ್ಯ ತಟ್ಟಲು ಕೈಯೆತ್ತಿ ಹಾಗೇ ನಿಂತರು. ಒಳಗೆ ಸೋಫಾದ ಒಂದು ತುದಿಯಲ್ಲಿ ಅಳಿಯ ಯಾವುದೋ ಹಳೆಯ ಪುಸ್ತಕದ ಬೆನ್ನಿಗೆ ದಾರ ಹಾಕುತ್ತಿದ್ದ. ಇನ್ನೊಂದು ತುದಿಯಿಂದ ಮಗಳು ಅವನ ತೊಡೆಯ ಮೇಲೆ ಕಾಲು ಚಾಚಿ, ಅದೇ ಪುಸ್ತಕದ ಬಿಡಿಹಾಳೆಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಹಾಳೆಗಳು ಹಿಂದುಮುಂದಾಗಿದ್ದವು. ಕಥೆಯಲ್ಲಿ ಸತ್ತ ಮಾವ ಮುಂದಿನ ಪುಟದಲ್ಲಿ ಎದ್ದು ಚಹಾ ಕುಡಿದ. ಇಬ್ಬರೂ ನಕ್ಕು ನಕ್ಕು ಸಾಕಾಗಿ, ಅಳಿಯ ಸೂಜಿ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡ. ಮೀಟರಯ್ಯ ಎಷ್ಟು ಹೊತ್ತು ನಿಂತಿದ್ದರೋ.

"ಅಪ್ಪ? ಯಾವಾಗ ಬಂದ್ರಿ? ಒಳಗೆ ಬನ್ನಿ."

"ತಪ್ಪಾಯ್ತು ಕಣಮ್ಮಾ. ನಿನ್ನ ಮಾತು ನಾನು ಬೀದೀಲಿ ಬದಲಾಯಿಸಬಾರದಿತ್ತು."

"ಇನ್ನು ಯಾರಾದ್ರೂ ಕೇಳಿದ್ರೆ ಏನಂತೀರಿ?"

"ಬರಲ್ಲ ಅಂತೀನಿ. ಅವರಿಗೆ ಬೇಡ, ಚೆನ್ನಾಗಿದ್ದಾರೆ ಅಂತೀನಿ."

ಮಗಳು ಬಿಡಿಹಾಳೆಗಳನ್ನು ಕೆಳಗಿಟ್ಟು ಕಾಲು ಮಡಿಚಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮೀಟರಯ್ಯ ಕೂತರು. ಚಹಾ ಬಂತು. ಅರ್ಧ ಲೋಟ ಮುಗಿಸಿ ಅವರು ತಡೆಯಲಾರದೆ ಕೇಳಿದರು.

"ನೀವು ದಿನಾ ಹೀಗೇ ಕೂರ್ತೀರಾ?"

"ಡ್ಯೂಟಿ ಇಲ್ಲದಾಗ. ಯಾಕಪ್ಪ?"

"ಹೀಗೇ? ಕಾಲು ಚಾಚ್ಕೊಂಡು?"

"ಹೂಂ ಮಾವ," ಎಂದ ಅಳಿಯ. "ನನ್ನ ತೊಡೆ ಮರಗಟ್ಟಿದೆ, ಬೇಕಾದ್ರೆ ನೀವು ಸ್ವಲ್ಪ ಹೊತ್ತು ತಗೊಳ್ಳಿ."

ಮೀಟರಯ್ಯ ಮನೆಗೆ ಬಂದಾಗ ಹೊಲಿಗೆಯಮ್ಮ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದರು.

"ಕ್ಷಮಿಸಿದ್ಲಾ?"

"ಕ್ಷಮಿಸಿದ್ಲು. ಚಹಾನೂ ಕೊಟ್ಲು."

"ಮತ್ತೆ ಮುಖ ಯಾಕೆ ಹಾಗಿದೆ?"

"ಹೊಟ್ಟೆಕಿಚ್ಚು."

ಹೊಲಿಗೆಯಮ್ಮನ ಕತ್ತರಿ ನಿಂತಿತು. "ಇನ್ನೂ ಆ ಪೋಸ್ಟ್‌ಮಾಸ್ಟರ ಮೇಲಾ?"

"ಅವರ ಮೇಲಲ್ಲ. ಅಳಿಯನ ಮೇಲೆ," ಎಂದು ಮೀಟರಯ್ಯ ಬಾಗಿಲಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಸೋಫಾ, ದಾರ, ಸತ್ತು ಎದ್ದ ಮಾವ, ಚಾಚಿದ ಕಾಲು. "ನಮಗೆ ಮೂವತ್ತು ವರ್ಷ ಆಯ್ತು. ನಾವು ಒಂದು ದಿನಾನಾದ್ರೂ ಹಾಗೆ ಕೂತಿದ್ದೀವಾ?"

ಹೊಲಿಗೆಯಮ್ಮ ಕತ್ತರಿ ಕೆಳಗಿಟ್ಟರು. ಪ್ಯಾಂಟನ್ನು ಮಡಿಚಿ ಪಕ್ಕಕ್ಕಿಟ್ಟರು. ಸ್ಟೂಲಿನ ಕಡೆ ಕಣ್ಣಲ್ಲೇ ತೋರಿಸಿದರು. ಮೀಟರಯ್ಯ ಅದನ್ನು ಎಳೆದುಕೊಂಡು ಎದುರಿಗೆ ಕೂತರು.

"ಅದಕ್ಕೆ ಅಳಿಯನ ಮೇಲೆ ಹೊಟ್ಟೆಕಿಚ್ಚು ಯಾಕ್ರೀ? ನಮ್ಮನೇಲಿ ಕಾಲಿಗೇನು ಬರಗಾಲವಾ?" ಎಂದು ಹೊಲಿಗೆಯಮ್ಮ ಒಂದೊಂದಾಗಿ ಎರಡೂ ಕಾಲೆತ್ತಿ, ತಮ್ಮ ಅಷ್ಟೂ ಭಾರ ಸಮೇತ, ಗಂಡನ ತೊಡೆಯ ಮೇಲೆ ಇಟ್ಟರು.